ಏರುತಗ್ಗಿನ ನೆಲದಲ್ಲಿ ಗಾಡಿ ಪಲ್ಟಿ ಹೊಡೆಯುವುದನ್ನು ಮೊದಲೇ ಹೇಗೆ ತಿಳಿಯುವುದು?

ಹೊಸಗಾಲಿ:
ಎಲ್ಲರಿಗೂ ನಮಸ್ಕಾರ. ಮಾಸ್ಟರ್ಸ್ ಥೀಸಿಸ್‌ಗೆ ರಸ್ತೆ ಇಲ್ಲದ ಕಡೆ ತಾನೇ ಓಡುವ ಒಂದು ಚಿಕ್ಕ ನಾಲ್ಕು ಚಕ್ರದ ಗಾಡಿ ಕಟ್ಟುತ್ತಿದ್ದೇನೆ. ಎಡ ಬಲ ಚಕ್ರಗಳ ನಡುವೆ 60 ಸೆಂ.ಮೀ. ಅಗಲ. ಗುರುತ್ವ ಕೇಂದ್ರ ನೆಲದಿಂದ 40 ಸೆಂ.ಮೀ. ಮೇಲಿದೆ. ಪಲ್ಟಿ ಆಗುವ ಮೊದಲೇ ಎಚ್ಚರಿಕೆ ಕೊಡಬೇಕು ಅಂತ ಲೋಡ್ ಟ್ರಾನ್ಸ್‌ಫರ್ ರೇಶಿಯೋ (ಎಲ್‌ಟಿಆರ್) ಲೆಕ್ಕ ಹಾಕುತ್ತಿದ್ದೇನೆ. ಅಂದರೆ ಬಲಗಡೆ ಚಕ್ರಗಳ ಮೇಲಿನ ಭಾರದಿಂದ ಎಡಗಡೆಯದನ್ನು ಕಳೆದು ಒಟ್ಟು ಭಾರದಿಂದ ಭಾಗಿಸುವುದು. 1 ಬಂದರೆ ಒಂದು ಕಡೆ ಪೂರ್ತಿ ಎದ್ದಿದೆ ಅಂತ ಅರ್ಥ.

ಸಮ ನೆಲದಲ್ಲಿ ಎಲ್ಲಾ ಸರಿ. ಕಲ್ಲು ಗುಂಡಿ ಇರುವ ಕಡೆ ಹೋದ ತಕ್ಷಣ ಕೂಗಾಡೋಕೆ ಶುರು. ಗಾಡಿ ಆರಾಮಾಗಿ ಹೋಗುತ್ತಿರುತ್ತದೆ, ಅಲಾರಾಂ ಮಾತ್ರ ನಿಲ್ಲುವುದಿಲ್ಲ. ಮಿತಿ ಸಡಿಲ ಮಾಡಿದರೆ ನಿಜವಾಗಿ ವಾಲುವಾಗ ಸುಮ್ಮನಿರುತ್ತದೆ. ಗೈಡ್ ಅವರು "ಫಿಲ್ಟರ್ ಹಾಕಿ ನೋಡು" ಅನ್ನುತ್ತಾರೆ. ಬರೀ ಫಿಲ್ಟರ್ ಸಮಸ್ಯೆ ಅಂತ ನನಗೆ ಅನ್ನಿಸುತ್ತಿಲ್ಲ. ಈ ಕೆಲಸ ಮಾಡಿದವರು ಯಾರಾದರೂ ಇದ್ದೀರಾ?

ಸ್ಪ್ಯಾನರ್_ಸೀನ:
ಬ್ಯಾಟರಿ ಕೆಳಗೆ ಹಾಕು ಗುರು. ಮುಗೀತು.

ಸುಮ್ನೆ_ಓದುಗ:
ಮೊದಲನೇ ಉತ್ತರದಲ್ಲೇ ಥೀಸಿಸ್ ಮುಗಿಸಿಬಿಟ್ರಲ್ಲ 😄

ಇಳಿಜಾರು:
ಸೀನ ಹೇಳಿದ್ದು ತಪ್ಪಲ್ಲ, ಆದರೆ ಕೇಳಿದ ಪ್ರಶ್ನೆ ಅದಲ್ಲ.

ಮೊದಲು ಸ್ಥಿರ ಲೆಕ್ಕ ನೋಡೋಣ. ಅರ್ಧ ಅಗಲ ಭಾಗಿಸು ಎತ್ತರ, 30/40, ಅಂದರೆ 0.75. ಇದೇ ಸ್ಟ್ಯಾಟಿಕ್ ಸ್ಟೆಬಿಲಿಟಿ ಫ್ಯಾಕ್ಟರ್. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಕಾರುಗಳಿಗೆ ರೋಲ್‌ಓವರ್ ಸ್ಟಾರ್ ಕೊಡೋಕೆ ಬಳಸುವ ಅಂಕಿ ಇದು. ಸಾಮಾನ್ಯ ಕಾರುಗಳದ್ದು 1.3ರಿಂದ 1.5ರ ಸುತ್ತ ಇರುತ್ತದೆ, ಎಸ್‌ಯುವಿಗಳದ್ದು ಅದಕ್ಕಿಂತ ಕಡಿಮೆ. ನಿಮ್ಮದು 0.75. ಅಡ್ಡ ಇಳಿಜಾರಿನಲ್ಲಿ ನಿಂತರೆ ಸುಮಾರು 37 ಡಿಗ್ರಿಗೆ ಬೀಳಬೇಕು. ಅದೂ ಕಾಗದದ ಮೇಲೆ. ಟೈರ್ ಅಮುಕಿ, ಸ್ಪ್ರಿಂಗ್ ಕುಗ್ಗಿ, ಮೈ ಕೆಳಗಡೆಗೆ ಜಾರುವುದರಿಂದ ನಿಜದಲ್ಲಿ ಇನ್ನೂ ಮೊದಲೇ ಬೀಳುತ್ತದೆ.

ಈಗ ನಿಮ್ಮ ಅಲಾರಾಂ ವಿಷಯ. ಎಲ್‌ಟಿಆರ್ ಹುಟ್ಟಿದ್ದು ಹೆದ್ದಾರಿಯ ದೊಡ್ಡ ಟ್ರಕ್‌ಗಳಂಥ ಕಡೆ. ಅಲ್ಲಿ ನೆಲ ಸಮ. ಚಕ್ರ ಎದ್ದರೆ ಅದು ನಿಜವಾದ ಅಪಾಯ. ಕಲ್ಲು ನೆಲದಲ್ಲಿ ಚಕ್ರ ಏಳುವುದು ದಿನನಿತ್ಯದ ಕೆಲಸ. ಸಸ್ಪೆನ್ಷನ್‌ನ ಚಲನೆ ಮುಗಿದ ತಕ್ಷಣ ಒಂದು ಚಕ್ರ ಗಾಳಿಯಲ್ಲಿರುತ್ತದೆ, ಗಾಡಿ ಮೂರು ಕಾಲಲ್ಲಿ ನೆಮ್ಮದಿಯಾಗಿ ನಿಂತಿರುತ್ತದೆ. ಚಕ್ರ ಎದ್ದಿದ್ದಕ್ಕೂ ಗಾಡಿ ಉರುಳುವುದಕ್ಕೂ ನಡುವೆ ಬಹಳ ಜಾಗ ಇದೆ. ನೀವು ಅಳೆಯಬೇಕಾದ್ದು ಆ ಜಾಗವನ್ನ.

ಹೊಸಗಾಲಿ:
ಅದನ್ನೇ ಹೇಗೆ ಅಳೆಯುವುದು ಅಂತ ತಿಳಿಯುತ್ತಿಲ್ಲ ಸರ್. ಚಕ್ರಗಳಲ್ಲಿ ಭಾರ ಅಳೆಯುವ ಸೆನ್ಸರ್ ಇಲ್ಲ. ವೇಗೋತ್ಕರ್ಷ, ತಿರುಗುವಿಕೆ ಅಳೆಯುವ ಐಎಂಯು ಸೆನ್ಸರ್ ಒಂದೇ ಇರುವುದು. ರೋಲ್ ಕೋನ (ಪಕ್ಕಕ್ಕೆ ವಾಲಿದ ಕೋನ) ಮತ್ತು ಅಡ್ಡ ವೇಗೋತ್ಕರ್ಷ ತೆಗೆದುಕೊಂಡು, ಗುರುತ್ವ 9.81 ಅಂತ ಇಟ್ಟು ಲೆಕ್ಕ ಹಾಕುತ್ತೇನೆ.

ಇಳಿಜಾರು:
ಆ 9.81 ತೆಗೆದುಹಾಕಿ. ಅರ್ಧ ಸಮಸ್ಯೆ ಅಲ್ಲೇ ಇದೆ.

ಐಎಂಯು ಒಳಗಿನ ಆಕ್ಸೆಲೆರೋಮೀಟರ್ ಇಳಿಜಾರಿನ ಪಾಲನ್ನೂ ತಿರುವಿನ ಪಾಲನ್ನೂ ಸೇರಿಸಿಯೇ ತೋರಿಸುತ್ತದೆ. ಎರಡನ್ನೂ ಬೇರೆ ಮಾಡುವ ಕಷ್ಟ ಯಾಕೆ? ಗಾಡಿಯ ಮೈಗೆ ಅಡ್ಡಲಾಗಿ ಬರುವ ಅಳತೆಯನ್ನು ಮೈಗೆ ಲಂಬವಾಗಿ ಬರುವ ಅಳತೆಯಿಂದ ಭಾಗಿಸಿ. ಅದು 0.75 ದಾಟಿತಾ ನೋಡಿ. ದಿಬ್ಬದ ನೆತ್ತಿ ದಾಟುವಾಗ ಗಾಡಿ ಹಗುರಾಗುತ್ತದೆ, ಅಲ್ವಾ? ಆಗ ಲಂಬದ ಅಳತೆ 0.3 ಜಿಗೆ (1 ಜಿ ಅಂದರೆ ಭೂಮಿಯ ಗುರುತ್ವದಷ್ಟು) ಇಳಿದಿದ್ದರೆ, ಅಡ್ಡಕ್ಕೆ ಬರೀ 0.23 ಜಿ ಇದ್ದರೂ ನೀವು ಮಿತಿ ದಾಟಿದಿರಿ. 9.81 ಇಟ್ಟು ಲೆಕ್ಕ ಹಾಕಿದರೆ ಇದು ಕಾಣುವುದೇ ಇಲ್ಲ. "ನಿಜವಾಗಿ ವಾಲುವಾಗ ಸುಮ್ಮನಿರುತ್ತದೆ" ಅಂದಿರಲ್ಲ, ಅದಕ್ಕೆ ಇದೂ ಒಂದು ಕಾರಣ ಇರಬಹುದು.

ಇನ್ನು ಸುಳ್ಳು ಅಲಾರಾಂ. ಕಲ್ಲಿಗೆ ಬಡಿದಾಗ ಅಡ್ಡ ಅಳತೆ ಚಿಮ್ಮುತ್ತದೆ, ಕೆಲವು ಮಿಲಿಸೆಕೆಂಡ್ ಮಾತ್ರ. ಅಷ್ಟರಲ್ಲಿ ಗಾಡಿ ಉರುಳೋಕೆ ಬೇಕಾದ ಶಕ್ತಿ ಸೇರುವುದಿಲ್ಲ. ಉರುಳಬೇಕಾದರೆ ಗುರುತ್ವ ಕೇಂದ್ರ ಮೇಲೇರಿ ಚಕ್ರದ ಅಂಚನ್ನು ದಾಟಬೇಕು. ನಿಮ್ಮ ಗಾಡಿಯಲ್ಲಿ ಲೆಕ್ಕ ಸುಲಭ. 30 ಮತ್ತು 40ರ ತ್ರಿಕೋನದ ಕರ್ಣ 50. ಅಂದರೆ ಕೇಂದ್ರ 40ರಿಂದ 50ಕ್ಕೆ, 10 ಸೆಂ.ಮೀ. ಏರಬೇಕು. ಆ 10 ಸೆಂ.ಮೀ. ಏರಿಸುವಷ್ಟು ಶಕ್ತಿ ರೋಲ್‌ನಲ್ಲಿ ಇದೆಯಾ ಅಂತ ಪ್ರತಿ ಕ್ಷಣ ಕೇಳಿ. ಕಾಲು ನಡಿಗೆಯ ರೋಬೋಟ್‌ಗಳ ಜನ ಇದನ್ನು 1980ರ ದಶಕದಿಂದ ಮಾಡುತ್ತಿದ್ದಾರೆ. ಎನರ್ಜಿ ಸ್ಟೆಬಿಲಿಟಿ ಮಾರ್ಜಿನ್ ಅಂತ ಹುಡುಕಿ.

ಇನ್ನೊಂದು ದಾರಿ ಫೋರ್ಸ್-ಆಂಗಲ್ ಅಳತೆ. ಪಾಪಡೋಪೌಲೋಸ್ ಮತ್ತು ರೇ 1996ರಲ್ಲಿ ಕೊಟ್ಟಿದ್ದು. ಚಕ್ರಗಳು ನೆಲ ಮುಟ್ಟುವ ಬಿಂದುಗಳನ್ನು ಸೇರಿಸಿದರೆ ಉರುಳಬಹುದಾದ ಅಂಚುಗಳು ಸಿಗುತ್ತವೆ. ಗುರುತ್ವ ಕೇಂದ್ರದ ಮೇಲಿನ ಒಟ್ಟು ಬಲ ಯಾವ ಅಂಚಿನ ಕಡೆ ಎಷ್ಟು ಕೋನದಲ್ಲಿ ವಾಲಿದೆ ಅಂತ ನೋಡುವುದು. ಬಿಂದುಗಳು ಒಂದೇ ಸಮತಟ್ಟಿನಲ್ಲಿ ಇರಬೇಕು ಅಂತೇನಿಲ್ಲ. ಕಲ್ಲು ನೆಲಕ್ಕೆ ಇದೇ ಸರಿ.

ಸ್ಪ್ಯಾನರ್_ಸೀನ:
ಇಷ್ಟೆಲ್ಲಾ ಹೇಳಿದ ಮೇಲೂ ಬ್ಯಾಟರಿ ಕೆಳಗೆ ಹಾಕಿದರೆ ಒಳ್ಳೆಯದೇ ತಾನೇ?

ಇಳಿಜಾರು:
ಒಳ್ಳೆಯದೇ ಮಾರಾಯ. ಕೇಂದ್ರ 30 ಸೆಂ.ಮೀ.ಗೆ ಇಳಿದರೆ ಬೀಳುವ ಕೋನ 45 ಡಿಗ್ರಿ ಆಗುತ್ತದೆ. ಆದರೆ ಬ್ಯಾಟರಿ ಹೊಟ್ಟೆಯ ಕೆಳಗೆ ನೇತುಹಾಕಿದರೆ ಕಲ್ಲಿನ ಮೇಲೆ ಹೊಟ್ಟೆ ಕೂತುಕೊಂಡು ನಾಲ್ಕು ಚಕ್ರವೂ ಸುಮ್ನೆ ತಿರುಗುತ್ತವೆ. ಆಫ್-ರೋಡ್ ವಿನ್ಯಾಸದ ಜಗಳವೇ ಇದು. ನೆಲದಿಂದ ಎತ್ತರ ಬೇಕು, ಭಾರ ಮಾತ್ರ ಕೆಳಗಿರಬೇಕು.

ಸ್ಪ್ಯಾನರ್_ಸೀನ:
ಹಾಗಾದರೆ ಮೋಟಾರ್ ಚಕ್ರದ ಹಬ್‌ನಲ್ಲೇ ಇಡಲಿ. ಭಾರವೂ ಕೆಳಗೆ, ಹೊಟ್ಟೆಯೂ ಖಾಲಿ.

ಇಳಿಜಾರು:
ಇಡಬಹುದು. ನಿಧಾನ ಹೋಗುವ ಗಾಡಿಗೆ ಚೆನ್ನಾಗಿಯೇ ಇರುತ್ತದೆ. ವೇಗ ಹೆಚ್ಚಾದರೆ ಸ್ಪ್ರಿಂಗ್ ಕೆಳಗಿನ ಭಾರ ಜಾಸ್ತಿ ಆಗಿ ಚಕ್ರ ನೆಲ ಬಿಟ್ಟು ಕುಣಿಯುತ್ತದೆ.

ಕೆಂಪುಗ್ರಹ:
ಹಬ್ ಮೋಟಾರ್ ಅಂದ್ರೆ ಚಂದ್ರನ ಗಾಡಿ ನೆನಪಾಯಿತು. ಅಪೋಲೊ 15, 16, 17ರಲ್ಲಿ 1971-72ರಲ್ಲಿ ಹೋದ ಮೂರೂ ಗಾಡಿಗಳಿಗೆ ಪ್ರತಿ ಚಕ್ರಕ್ಕೂ ಕಾಲು ಅಶ್ವಶಕ್ತಿಯ ಒಂದೊಂದು ಮೋಟಾರ್ ಇತ್ತು. ಟೈರ್ ರಬ್ಬರ್ ಅಲ್ಲ, ಸತು ಲೇಪಿಸಿದ ಉಕ್ಕಿನ ತಂತಿ ಹೆಣೆದ ಬಲೆ, ಮೇಲೆ ಟೈಟಾನಿಯಂ ಪಟ್ಟಿಗಳು. ಗಾಡಿಯ ತೂಕ ಸುಮಾರು 210 ಕೆ.ಜಿ., ಹೊರುತ್ತಿದ್ದ ಭಾರ ಅದರ ಎರಡು ಪಟ್ಟಿಗಿಂತ ಹೆಚ್ಚು!

ಒಂದು ಅನುಮಾನ. ಗುರುತ್ವ ಕಡಿಮೆ ಇದ್ದರೆ ಪಲ್ಟಿ ಕಡಿಮೆ ಆಗುತ್ತಾ ಜಾಸ್ತಿ ಆಗುತ್ತಾ?

ಇಳಿಜಾರು:
ನಿಂತ ಗಾಡಿಗೆ ವ್ಯತ್ಯಾಸ ಇಲ್ಲ. ಬೀಳುವ ಕೋನದಲ್ಲಿ ಗುರುತ್ವ ಬರುವುದೇ ಇಲ್ಲ, ಬರೀ ಅಗಲ ಎತ್ತರ. ಓಡುವ ಗಾಡಿಗೆ ಕಷ್ಟ. ಅದೇ ತಿರುವಿನಲ್ಲಿ ಚಂದ್ರನ ಮೇಲೆ ಉರುಳುವ ವೇಗ ಭೂಮಿಯ ಶೇ. 41ರಷ್ಟು ಮಾತ್ರ, ಆರನೇ ಒಂದರ ವರ್ಗಮೂಲ. ಆದರೆ ಟೈರ್‌ನ ಹಿಡಿತವೂ ಅಷ್ಟೇ ಕಮ್ಮಿ ಆಗುವುದರಿಂದ ಉರುಳುವ ಮೊದಲು ಜಾರುವ ಸಾಧ್ಯತೆ ಇಲ್ಲಿ ಇದ್ದಷ್ಟೇ.

ಸುಮ್ನೆ_ಓದುಗ:
ಜಾರಿದರೆ ಬಚಾವ್ ಅಂತಾಯ್ತು.

ಕೆಸರುಗಾಲಿ:
ಅಯ್ಯೋ, ಇಲ್ಲ! ಈ ಮಾತು ಎಲ್ಲಾ ಕಡೆ ಕೇಳಿಸುತ್ತದೆ. "ಸಡಿಲ ಮಣ್ಣಿನಲ್ಲಿ ಹಿಡಿತ ಕಮ್ಮಿ, ಆದ್ದರಿಂದ ಗಾಡಿ ಜಾರುತ್ತದೆ, ಉರುಳುವುದಿಲ್ಲ." ಸಿಮ್ಯುಲೇಷನ್‌ನಲ್ಲಿ ನಿಜ. ಯಾಕಂದರೆ ಸಿಮ್ಯುಲೇಷನ್‌ನ ನೆಲ ಗಟ್ಟಿ ಹಾಳೆ.

ನಿಜವಾದ ಮಣ್ಣಿನಲ್ಲಿ ಅಡ್ಡ ಜಾರುವ ಚಕ್ರ ತನ್ನ ಮುಂದೆ ಮಣ್ಣನ್ನು ತಳ್ಳಿ ಗುಡ್ಡೆ ಮಾಡಿಕೊಳ್ಳುತ್ತದೆ. ಆ ಗುಡ್ಡೆ ಗೋಡೆಯಾಗುತ್ತದೆ. ಅದಕ್ಕೆ ಚಕ್ರ ಸಿಕ್ಕಿಕೊಂಡ ತಕ್ಷಣ ಗಾಡಿ ಮೇಲಿಂದ ಮಗುಚುತ್ತದೆ. ರಸ್ತೆ ಗಾಡಿಗಳಲ್ಲೂ ಇದೇ ಕಥೆ. ಒಂಟಿ ವಾಹನದ ರೋಲ್‌ಓವರ್‌ಗಳಲ್ಲಿ ಶೇ. 95ರಷ್ಟು ಹೀಗೆ ಏನಾದರೂ ತಡೆದು ಆಗುವಂಥವು ಅಂತ ಎನ್‌ಎಚ್‌ಟಿಎಸ್‌ಎ ಹೇಳುತ್ತದೆ. ರಸ್ತೆ ಬಿಟ್ಟು ಮಣ್ಣಿಗೆ ಇಳಿದಾಗ, ಕರ್ಬ್‌ಗೆ ತಾಗಿದಾಗ. ಬರೀ ತಿರುವಿನಿಂದ ಉರುಳುವುದು ಅಪರೂಪ.

ಇಳಿಜಾರು:
ಒಪ್ಪಿದೆ. ಹೊಸಗಾಲಿಯವರ ಗಾಡಿಗೇ ಲೆಕ್ಕ ಹಾಕಿ ನೋಡಿದೆ. ಅಡ್ಡ ಜಾರುತ್ತಾ ಬಂದು ಚಕ್ರ ಕಲ್ಲಿಗೆ ತಾಗಿ ಪೂರ್ತಿ ನಿಂತಿತು ಅಂತ ಇಟ್ಟುಕೊಳ್ಳಿ. ಮೈನ ಜಡತ್ವವನ್ನು ಅಂದಾಜಿಗೆ ಹಿಡಿದೆ. ಸೆಕೆಂಡಿಗೆ ಹೆಚ್ಚುಕಮ್ಮಿ 1.9 ಮೀಟರ್ ಅಡ್ಡ ವೇಗ ಇದ್ದರೆ ಸಾಕು, ಉರುಳುತ್ತದೆ. ಗಂಟೆಗೆ 7 ಕಿ.ಮೀ. ಅಷ್ಟೇ. ಸೀನನ ಮಾತು ಕೇಳಿ ಕೇಂದ್ರ 30ಕ್ಕೆ ಇಳಿಸಿದರೆ 2.5 ಮೀಟರ್.

ಸ್ಪ್ಯಾನರ್_ಸೀನ:
ನೋಡಿದ್ರಾ. ನೋಡಿದ್ರಾ.

ಹೊಸಗಾಲಿ:
ಇದು ನನಗೆ ಹೊಳೆದೇ ಇರಲಿಲ್ಲ. ಅಂದರೆ ಅಡ್ಡ ಜಾರುವ ವೇಗವನ್ನೂ ಎಚ್ಚರಿಕೆಗೆ ಸೇರಿಸಬೇಕು. ಆದರೆ ಮಣ್ಣು ಎಷ್ಟು ಗುಡ್ಡೆ ಆಗುತ್ತದೆ ಅಂತ ಗಾಡಿಗೆ ಹೇಗೆ ಗೊತ್ತಾಗಬೇಕು? ನಾನು ಗೆಜೆಬೋ ಅನ್ನುವ ಸಿಮ್ಯುಲೇಷನ್ ತಂತ್ರಾಂಶ ಬಳಸುತ್ತಿದ್ದೇನೆ. ಅದರಲ್ಲಿ ಘರ್ಷಣೆಯ ಅಂಕಿ ಕೊಡಬಹುದು ಅಷ್ಟೆ.

ಕೆಸರುಗಾಲಿ:
ಗೆಜೆಬೋದಲ್ಲಿ ಮಣ್ಣು ಇಲ್ಲ. ಪ್ರಾಜೆಕ್ಟ್ ಕ್ರೋನೋ ನೋಡಿ, ಪುಕ್ಕಟೆ, ಓಪನ್ ಸೋರ್ಸ್. ಅಮುಕಿದರೆ ಹೂತುಕೊಳ್ಳುವ ನೆಲ ಅದರಲ್ಲಿದೆ. ಒಂದೊಂದು ಕಣವನ್ನೂ ಬೇರೆ ಬೇರೆ ಲೆಕ್ಕ ಹಾಕುವ ವಿಧಾನವೂ ಇದೆ, ಆದರೆ ಅದಕ್ಕೆ ಕಂಪ್ಯೂಟರ್ ರಾತ್ರಿಯಿಡೀ ಓಡಬೇಕು.

ಸ್ವಲ್ಪ ಮಣ್ಣಿನ ಕಥೆ ಹೇಳುತ್ತೇನೆ, ಇದು ಗೊತ್ತಿಲ್ಲದೆ ಆಫ್-ರೋಡ್ ಗಾಡಿ ಕಟ್ಟುವವರೇ ಜಾಸ್ತಿ. ಈ ವಿದ್ಯೆಗೆ ಅಡಿಪಾಯ ಹಾಕಿದ್ದು ಬೆಕ್ಕರ್ ಅಂತ ಒಬ್ಬ ಪೋಲೆಂಡ್ ಮೂಲದ ಎಂಜಿನಿಯರ್. ಮೇಲೆ ಹೇಳಿದ ಚಂದ್ರನ ಗಾಡಿಯಲ್ಲೂ ಅವರ ಕೈ ಇದೆ. ಒತ್ತಡ ಕೊಟ್ಟರೆ ಮಣ್ಣು ಎಷ್ಟು ಕುಸಿಯುತ್ತದೆ ಅಂತ ಅವರ ಒಂದು ಸೂತ್ರ ಇದೆ, ಇವತ್ತಿಗೂ ಎಲ್ಲರೂ ಅದನ್ನೇ ತಿದ್ದಿ ತೀಡಿ ಬಳಸುತ್ತಾರೆ.

ಎಳೆಯುವ ಬಲಕ್ಕೆ ಎರಡು ಮೂಲ. ಒಂದು, ಮಣ್ಣಿನ ಅಂಟು. ಇದು ಚಕ್ರ ನೆಲ ಮುಟ್ಟುವ ಜಾಗದ ಮೇಲೆ ನಿಂತಿದೆ. ಎರಡು, ಕಣಗಳ ನಡುವಿನ ಘರ್ಷಣೆ. ಇದು ಭಾರದ ಮೇಲೆ ನಿಂತಿದೆ. ಒದ್ದೆ ಜೇಡಿಮಣ್ಣಿನಲ್ಲಿ ಹೆಚ್ಚಾಗಿ ಮೊದಲನೆಯದೇ ಕೆಲಸ ಮಾಡುವುದು. ಅಲ್ಲಿ ಗಾಡಿಗೆ ಭಾರ ಹೇರಿದರೆ ಹಿಡಿತ ಹೆಚ್ಚಾಗುವುದಿಲ್ಲ, ಇನ್ನೂ ಹೂತುಕೊಳ್ಳುತ್ತದೆ. ಟೈರ್ ಅಗಲ ಉದ್ದ ಬೇಕು. ಒಣ ಮರಳಿನಲ್ಲಿ ಅಂಟು ಇಲ್ಲವೇ ಇಲ್ಲ, ಘರ್ಷಣೆ ಮಾತ್ರ. ಅಲ್ಲಿ ಭಾರ ಹೆಚ್ಚಾದಂತೆ ಎಳೆತವೂ ಹೆಚ್ಚುತ್ತದೆ, ಜೊತೆಗೆ ಕುಸಿತವೂ. ಎರಡೂ ಕಡೆ ಟೈರ್ ಗಾಳಿ ಇಳಿಸಿದರೆ ಲಾಭ. ಗಾಳಿ ಕಮ್ಮಿ ಮಾಡಿದಾಗ ನೆಲ ಮುಟ್ಟುವ ಭಾಗ ಅಗಲಕ್ಕಿಂತ ಉದ್ದಕ್ಕೆ ಬೆಳೆಯುತ್ತದೆ. ಎರಡನೇ ಮಹಾಯುದ್ಧದಲ್ಲಿ ನೀರಿನಲ್ಲೂ ನೆಲದಲ್ಲೂ ಓಡುತ್ತಿದ್ದ ಡಕ್ ಟ್ರಕ್‌ನಲ್ಲೇ ಡ್ರೈವರ್ ಕೂತಲ್ಲಿಂದ ಟೈರ್ ಗಾಳಿ ಏರಿಸಿ ಇಳಿಸುವ ಏರ್ಪಾಡು ಇತ್ತು.

ಸುಮ್ನೆ_ಓದುಗ:
ಗಾಳಿ ಇಳಿಸಿದರೆ ಅಡ್ಡ ಇಳಿಜಾರಿನಲ್ಲಿ ಟೈರ್ ರಿಮ್‌ನಿಂದ ಕಳಚಿಕೊಳ್ಳಲ್ವಾ?

ಕೆಸರುಗಾಲಿ:
ಕಳಚಿಕೊಳ್ಳುತ್ತದೆ. ಅದಕ್ಕೇ ಟೈರ್ ಅಂಚನ್ನು ಬಿಗಿಯಾಗಿ ಹಿಡಿಯುವ ಬೀಡ್‌ಲಾಕ್ ರಿಮ್ ಇರುವುದು. ಗಾಳಿ ಇಳಿಸಿ ಜೋರಾಗಿ ತಿರುಗಿಸಬಾರದು.

ಟ್ರ್ಯಾಕ್ಟರ್_ತಾತ:
ಮಕ್ಕಳಾ, ಎಲ್ಲರೂ ಅಡ್ಡ ಬೀಳುವುದನ್ನೇ ಮಾತಾಡುತ್ತಿದ್ದೀರಿ. ಹಿಂದಕ್ಕೆ ಬೀಳುವುದನ್ನು ಮರೆತಿದ್ದೀರಿ. ನಾನು ಟ್ರ್ಯಾಕ್ಟರ್ ವಿನ್ಯಾಸದಲ್ಲಿ ಬಹಳ ಕಾಲ ಇದ್ದವನು.

ಹಿಂದಿನ ಚಕ್ರ ಕೆಸರಿನಲ್ಲಿ ಸಿಕ್ಕಿ ತಿರುಗದೆ ಇದ್ದಾಗ ಎಂಜಿನ್ ಸುಮ್ಮನಿರುವುದಿಲ್ಲ. ಚಕ್ರ ತಿರುಗಿಸೋಕೆ ಆಗದಿದ್ದರೆ ಆಕ್ಸಲ್ ಸುತ್ತ ಟ್ರ್ಯಾಕ್ಟರ್‌ನ ಮೈಯನ್ನೇ ತಿರುಗಿಸುತ್ತದೆ. ಮೂತಿ ಮೇಲೇಳುತ್ತದೆ. ಮುಕ್ಕಾಲು ಸೆಕೆಂಡಿನಲ್ಲಿ ಮರಳಿ ಬಾರದ ಹಂತ ದಾಟುತ್ತದೆ, ಸುಮಾರು ಒಂದೂವರೆ ಸೆಕೆಂಡಿಗೆ ಕಥೆ ಮುಗಿಯುತ್ತದೆ. ಮನುಷ್ಯ ಕ್ಲಚ್ ತುಳಿಯೋಕೆ ಅಷ್ಟು ಹೊತ್ತು ಸಾಲದು. ಎಳೆಯುವ ಸರಪಳಿಯನ್ನು ಡ್ರಾಬಾರ್ (ಹಿಂದೆ ಕೆಳಗಡೆ ಇರುವ ಎಳೆಯುವ ಪಟ್ಟಿ) ಬಿಟ್ಟು ಮೇಲೆ ಎಲ್ಲೋ ಕಟ್ಟಿದರೆ ಇನ್ನೂ ಬೇಗ.

ಅಡ್ಡ ಬೀಳುವುದರಲ್ಲೂ ಟ್ರ್ಯಾಕ್ಟರ್ ಮೋಸ ಮಾಡುತ್ತದೆ. ನಾಲ್ಕು ಚಕ್ರ ಇದೆ ಅಂತ ಚೌಕ ಅಂದುಕೊಳ್ಳುತ್ತೀರಿ. ಮುಂದಿನ ಆಕ್ಸಲ್ ನಡುವಿನ ಪಿನ್ ಮೇಲೆ ತೂಗಾಡುತ್ತದೆ, ಅದರ ತಡೆ ತಾಗುವ ತನಕ ಮುಂದಿನ ಎರಡು ಚಕ್ರ ಉರುಳುವಿಕೆಯನ್ನು ತಡೆಯುವುದೇ ಇಲ್ಲ. ಆದ್ದರಿಂದ ಅದು ತ್ರಿಕೋನ. ಭಾರ ಮುಂದಕ್ಕೆ ಹೋದಷ್ಟೂ ತ್ರಿಕೋನ ಕಿರಿದಾಗುತ್ತದೆ.

1959ರಲ್ಲಿ ಸ್ವೀಡನ್ ಹೊಸ ಟ್ರ್ಯಾಕ್ಟರ್‌ಗಳಿಗೆಲ್ಲ ಉರುಳಿದರೂ ಚಾಲಕನನ್ನು ಕಾಯುವ ಚೌಕಟ್ಟು ಕಡ್ಡಾಯ ಮಾಡಿತು. ಉರುಳುವುದು ನಿಲ್ಲಲಿಲ್ಲ, ಸಾಯುವುದು ಕಡಿಮೆ ಆಯಿತು. ಉರುಳುವುದನ್ನು ಪೂರ್ತಿ ತಡೆಯುತ್ತೇನೆ ಅನ್ನುವ ಎಂಜಿನಿಯರ್‌ನನ್ನು ನಾನು ನಂಬುವುದಿಲ್ಲ.

ಹೊಸಗಾಲಿ:
ತಾತ, ನನ್ನ ಗಾಡಿಯಲ್ಲಿ ಚಾಲಕನೇ ಇಲ್ಲ 🙂 ಆದರೆ ಆ ಮುಕ್ಕಾಲು ಸೆಕೆಂಡ್ ಮಾತು ಕೆಲಸಕ್ಕೆ ಬರುತ್ತದೆ. ಕಂಪ್ಯೂಟರ್‌ಗೆ ಅದು ಬೇಕಾದಷ್ಟು ಸಮಯ.

ಟ್ರ್ಯಾಕ್ಟರ್_ತಾತ:
ಕಂಪ್ಯೂಟರ್‌ಗೆ ಸಾಕು. ಗೇರು, ಬ್ರೇಕು, ಮೋಟಾರ್ ಸ್ಪಂದಿಸೋಕೆ ಸಾಕಾ ಅಂತ ಅಳೆದು ನೋಡು ಮಗ.

ಲೈಡಾರ್_ಲಕ್ಷ್ಮಿ:
ಇಷ್ಟು ಹೊತ್ತು ಓದಿ ತಡೆಯೋಕಾಗದೆ ಬರೆಯುತ್ತಿದ್ದೇನೆ. ನೀವೆಲ್ಲ ಉರುಳುವ ಕ್ಷಣದ ಬಗ್ಗೆ ಮಾತಾಡುತ್ತಿದ್ದೀರಿ. ತಾನೇ ಓಡುವ ಗಾಡಿ ಆ ಕ್ಷಣಕ್ಕೆ ಬಂದಿದೆ ಅಂದರೆ ಅದಾಗಲೇ ಸೋತಿದೆ. ಮುಂದಿನ ನೆಲವನ್ನು 30 ಮೀಟರ್ ದೂರದಲ್ಲೇ ಓದಿ, ಆ ದಾರಿ ಬೇಡ ಅಂತ ನಿರ್ಧರಿಸಬೇಕು. ಕಷ್ಟ ಇರುವುದು ಅಲ್ಲಿ, ಐಎಂಯುನಲ್ಲಿ ಅಲ್ಲ.

ಕಲ್ಲು ಕಾಣುವುದು ಸುಲಭ. ಕಂದಕ ಕಾಣುವುದು ನರಕ. ಲೆಕ್ಕ ನೋಡಿ. ಸೆನ್ಸರ್ 2 ಮೀಟರ್ ಎತ್ತರದಲ್ಲಿದೆ, 20 ಮೀಟರ್ ದೂರದಲ್ಲಿ 1 ಮೀಟರ್ ಎತ್ತರದ ಬಂಡೆ ಇದೆ. ಅದು ಸುಮಾರು 3 ಡಿಗ್ರಿಯಷ್ಟು ಕಾಣುತ್ತದೆ. ಅದೇ ದೂರದಲ್ಲಿ 1 ಮೀಟರ್ ಅಗಲದ ಕಂದಕ ಇದ್ದರೆ, ಅದರ ಆಚೆ ಗೋಡೆಯ ಮೇಲಿನ 10 ಸೆಂ.ಮೀ. ಮಾತ್ರ ಕಣ್ಣಿಗೆ ಬೀಳುವುದು. 0.3 ಡಿಗ್ರಿ. ದೂರ ಎರಡು ಪಟ್ಟು ಮಾಡಿದರೆ ಬಂಡೆ ಅರ್ಧ ಆಗುತ್ತದೆ, ಕಂದಕ ಕಾಲು ಭಾಗ ಆಗುತ್ತದೆ. 40 ಮೀಟರ್‌ನಲ್ಲಿ 0.07 ಡಿಗ್ರಿ. ಲೇಸರ್ ಕಿರಣ ಬಿಟ್ಟು ದೂರ ಅಳೆಯುವ ಲೈಡಾರ್‌ನ ಎರಡು ಕಿರಣಗಳ ನಡುವೆಯೇ ಅದು ಮಾಯ.

ಈಗ ನಿಲ್ಲಿಸುವ ದೂರ ನೋಡಿ. ಹಿಡಿತ 0.4 ಇರುವ ಸಡಿಲ ನೆಲ, ಯೋಚಿಸೋಕೆ ಅರ್ಧ ಸೆಕೆಂಡ್. ಸೆಕೆಂಡಿಗೆ 10 ಮೀಟರ್ ವೇಗಕ್ಕೆ ಸುಮಾರು 18 ಮೀಟರ್ ಬೇಕು. 20 ಮೀಟರ್ ವೇಗಕ್ಕೆ 61. ಕಂದಕ ಕಂಡ ಮೇಲೆ ಬ್ರೇಕ್ ಹಾಕುವ ಮಾತೇ ಇಲ್ಲ.

ಇಳಿಜಾರು:
ಲಕ್ಷ್ಮಿಯವರೇ, ದೂರದಿಂದ ಓದಿ ದಾರಿ ಆರಿಸಿದಿರಿ ಅಂತಲೇ ಇಟ್ಟುಕೊಳ್ಳೋಣ. ಆ ದಾರಿ ಸುರಕ್ಷಿತ ಅಂತ ಯಾವ ಆಧಾರದ ಮೇಲೆ ಹೇಳಿದಿರಿ? ಇಳಿಜಾರು 20 ಡಿಗ್ರಿಗಿಂತ ಕಡಿಮೆ ಇದ್ದರೆ ಹಸಿರು, ಹೆಚ್ಚಿದ್ದರೆ ಕೆಂಪು, ಇಷ್ಟೇ ತಾನೇ ಹೆಚ್ಚಿನವರು ಮಾಡುವುದು? ಒಂದೂವರೆ ಮೀಟರ್ ಅಗಲದ ಗಾಡಿಯ ಮೇಲುಗಡೆ ಚಕ್ರ 20 ಸೆಂ.ಮೀ. ಕಲ್ಲು ಹತ್ತಿದರೆ ಸಾಕು, 7 ಡಿಗ್ರಿಗೂ ಹೆಚ್ಚು ಸೇರಿಕೊಳ್ಳುತ್ತದೆ. ಅದೇ ಕ್ಷಣ ಕೆಳಗಿನ ಚಕ್ರ ಕುಸಿದರೆ ಇನ್ನಷ್ಟು. ನಿಮ್ಮ ಹಸಿರು ಬಣ್ಣ ಯಾವ ವೇಗಕ್ಕೆ ಹಸಿರು?

ಲೈಡಾರ್_ಲಕ್ಷ್ಮಿ:
ಅದು ಹಳೇ ಪದ್ಧತಿ ಸರ್. ಈಗ ವೇಗವನ್ನೂ ಸೇರಿಸಿಯೇ ಲೆಕ್ಕ ಹಾಕುತ್ತಾರೆ. ಜಾರ್ಜಿಯಾ ಟೆಕ್‌ನ ಆಟೋರ‍್ಯಾಲಿ ಗಾಡಿ ಐದನೇ ಒಂದು ಗಾತ್ರದ್ದು, ಮಣ್ಣಿನ ಟ್ರ್ಯಾಕ್‌ನಲ್ಲಿ ಜಾರಿಸಿಕೊಂಡು ಓಡುತ್ತದೆ. ಗಾಡಿಯ ಮಾದರಿ ಇಟ್ಟುಕೊಂಡು ಸಾವಿರಾರು ಸಾಧ್ಯತೆಗಳನ್ನು ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಒಂದೇ ಏಟಿಗೆ ಓಡಿಸಿ ನೋಡಿ, ಒಳ್ಳೆಯವಕ್ಕೆ ಹೆಚ್ಚು ತೂಕ ಕೊಟ್ಟು ಸರಾಸರಿ ತೆಗೆಯುವುದು. ಎಂಪಿಪಿಐ ಅನ್ನುತ್ತಾರೆ. ಆ ಸಾವಿರದಲ್ಲಿ ಯಾವುದು ಉರುಳುತ್ತದೆ ಅನ್ನೋದನ್ನು ನಿಮ್ಮ ಸೂತ್ರದಿಂದಲೇ ತೆಗೆದುಹಾಕಬಹುದು.

ಇಳಿಜಾರು:
ಅಂದರೆ ಕೊನೆಗೆ ನಮ್ಮ ಸೂತ್ರವೇ ಬೇಕು.

ಲೈಡಾರ್_ಲಕ್ಷ್ಮಿ:
ಬೇಡ ಅಂತ ಹೇಳಿದ್ಯಾರು? ಅದೊಂದೇ ಸಾಲದು ಅಂದೆ.

ಸುಮ್ನೆ_ಓದುಗ:
ಮುಂದುವರಿಸಿ, ನಾನು ಇಲ್ಲೇ ಕೂತಿದ್ದೀನಿ.

ಸ್ಪ್ಯಾನರ್_ಸೀನ:
ಮರುಭೂಮಿ ರೇಸ್ ಯಾರೂ ಎತ್ತಲಿಲ್ಲ. 2004ರ ಮಾರ್ಚ್‌ನಲ್ಲಿ ಡಾರ್ಪಾ ಗ್ರ್ಯಾಂಡ್ ಚಾಲೆಂಜ್, ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಚಾಲಕನಿಲ್ಲದ ಗಾಡಿಗಳಿಗೆ ಇಟ್ಟ ರೇಸ್. 200 ಕಿ.ಮೀ.ಗೂ ಹೆಚ್ಚಿನ ದಾರಿ. ಎಲ್ಲರಿಗಿಂತ ಮುಂದೆ ಹೋದದ್ದು ಕಾರ್ನೆಗಿ ಮೆಲನ್‌ನ ಸ್ಯಾಂಡ್‌ಸ್ಟಾರ್ಮ್, ಅದೂ 12 ಕಿ.ಮೀ. ಮುಟ್ಟಲಿಲ್ಲ! ತಿರುವಿನಲ್ಲಿ ದಿಣ್ಣೆಯ ಮೇಲೆ ಹೊಟ್ಟೆ ಕೂತು, ಚಕ್ರ ಸುಮ್ನೆ ತಿರುಗಿ ಹೊಗೆ ಬಂತು. ಹೊಟ್ಟೆ! ಕ್ಯಾಮೆರಾ ಅಲ್ಲ.

ಲೈಡಾರ್_ಲಕ್ಷ್ಮಿ:
ದಿಣ್ಣೆಯ ಮೇಲೆ ಯಾಕೆ ಹೋಯಿತು ಅಂತ ಕೇಳಿ 😏

ಮರುವರ್ಷವೇ, 2005ರ ಅಕ್ಟೋಬರ್‌ನಲ್ಲಿ, ಐದು ಗಾಡಿಗಳು 212 ಕಿ.ಮೀ. ಪೂರ್ತಿ ಓಡಿದವು. ಗೆದ್ದ ಸ್ಟ್ಯಾನ್‌ಫರ್ಡ್‌ನ ಸ್ಟ್ಯಾನ್ಲಿಗೆ ಹಿಡಿದದ್ದು 7 ಗಂಟೆಗಿಂತ ಸ್ವಲ್ಪ ಕಡಿಮೆ. ಅದು ಫೋಕ್ಸ್‌ವ್ಯಾಗನ್ ಟೂರೆಗ್, ಮಾಮೂಲಿ ಎಸ್‌ಯುವಿ. ಒಂದೂವರೆ ವರ್ಷದಲ್ಲಿ ಸಸ್ಪೆನ್ಷನ್ ವಿದ್ಯೆ ಅಷ್ಟೇನೂ ಬದಲಾಗಿರಲಿಲ್ಲ. ಬದಲಾದದ್ದು ತಂತ್ರಾಂಶ. ಹತ್ತಿರದ ನೆಲ ಓಡಲು ಯೋಗ್ಯವಾ ಅಂತ ಲೇಸರ್ ಹೇಳುತ್ತಿತ್ತು. ಆ ನೆಲದ ಬಣ್ಣ ಹೇಗಿದೆ ಅಂತ ಕ್ಯಾಮೆರಾ ಕಲಿತುಕೊಳ್ಳುತ್ತಿತ್ತು. ಅದೇ ಬಣ್ಣ ದೂರದಲ್ಲಿ ಕಂಡರೆ ಅಲ್ಲೂ ಓಡಬಹುದು ಅಂತ ಊಹಿಸುತ್ತಿತ್ತು. ಯಾರೂ ಕೂತು ಹೇಳಿಕೊಡಬೇಕಿರಲಿಲ್ಲ.

ಕೆಸರುಗಾಲಿ:
ಸ್ಟ್ಯಾನ್ಲಿಯ ಇನ್ನೊಂದು ಅಂಶ ಬಿಟ್ಟಿರಿ. ನೆಲ ಒರಟಾಗಿ ಕುಲುಕಿದರೆ ಅದು ತಾನೇ ವೇಗ ಇಳಿಸುತ್ತಿತ್ತು, ಆಮೇಲೆ ನಿಧಾನಕ್ಕೆ ಏರಿಸುತ್ತಿತ್ತು. ಎಷ್ಟು ಕುಲುಕಿದರೆ ಎಷ್ಟು ಇಳಿಸಬೇಕು ಅನ್ನೋದನ್ನು ಮನುಷ್ಯ ಓಡಿಸಿದ್ದನ್ನು ನೋಡಿ ಹೊಂದಿಸಿದ್ದರು. ಚಾಲಕನ ಬೆನ್ನಿಗೆ ಗೊತ್ತಾಗುವುದನ್ನು ಗಾಡಿಗೂ ಕಲಿಸಿದಂತೆ. ಹೊಸಗಾಲಿಯವರಿಗೆ ಇದು ನೇರವಾಗಿ ಕೆಲಸಕ್ಕೆ ಬರುತ್ತದೆ, ಐಎಂಯು ಒಂದಿದ್ದರೆ ಸಾಕು.

ಕೆಂಪುಗ್ರಹ:
ಆದರೆ ಬಣ್ಣ ನೋಡಿ ನಂಬಿದರೆ ಏನಾಗುತ್ತದೆ ಅನ್ನೋದಕ್ಕೆ ನಾಸಾದ ಸ್ಪಿರಿಟ್ ರೋವರ್ ಸಾಕ್ಷಿ. 2009ರಲ್ಲಿ ಮಂಗಳದ ಮೇಲೆ ಗಟ್ಟಿಯಾಗಿ ಕಂಡ ತೆಳು ಪದರ ಒಡೆದು ಕೆಳಗಿನ ಮೆದು ಮಣ್ಣಿಗೆ ಇಳಿಯಿತು. ಅದರ ಒಂದು ಚಕ್ರ 2006ರಲ್ಲೇ ಕೆಟ್ಟು ನಿಂತಿತ್ತು, ಅದನ್ನು ಎಳೆದುಕೊಂಡು ಹಿಂದಕ್ಕೆ ಓಡುತ್ತಿತ್ತು ಪಾಪ. ಮತ್ತೆ ಹೊರಗೆ ಬರಲೇ ಇಲ್ಲ. ಅವಳಿ ಗಾಡಿ ಆಪರ್ಚುನಿಟಿ 2005ರ ಏಪ್ರಿಲ್‌ನಲ್ಲಿ ಮರಳ ಅಲೆಯಲ್ಲಿ ಹೂತು ಜೂನ್‌ನಲ್ಲಿ ಹೊರಬಂದಿತ್ತು. ಉರುಳಿ ಸತ್ತ ರೋವರ್ ಇಲ್ಲ, ಹೂತು ಸಿಕ್ಕಿಕೊಂಡದ್ದು ಇದೆ.

ಕೆಸರುಗಾಲಿ:
ಮಂಗಳದ ಇನ್ನೊಂದು ರೋವರ್ ಕ್ಯೂರಿಯಾಸಿಟಿಯ ಚಕ್ರಗಳೂ ಅಷ್ಟೆ. ನೆಲಕ್ಕೆ ಕಚ್ಚಿಕೊಂಡಿದ್ದ ಚೂಪು ಕಲ್ಲುಗಳು ಅಲ್ಯೂಮಿನಿಯಂ ಚಕ್ರಗಳನ್ನು ತೂತು ಮಾಡಿದವು. ಇತರ ಚಕ್ರಗಳು ತಳ್ಳುತ್ತಿರುವಾಗ ಕಲ್ಲು ಹತ್ತುವ ಚಕ್ರದ ಮೇಲೆ ಬಲ ಜಾಸ್ತಿ ಬೀಳುತ್ತಿತ್ತು. 2017ರಲ್ಲಿ ಪ್ರತಿ ಚಕ್ರದ ವೇಗವನ್ನು ನೆಲಕ್ಕೆ ತಕ್ಕಂತೆ ಬದಲಿಸುವ ತಂತ್ರಾಂಶವನ್ನು ಇಲ್ಲಿಂದಲೇ ಕಳಿಸಿದರು. ಚಕ್ರ ಬದಲಿಸೋಕೆ ಆಗಲ್ಲ, ಓಡಿಸುವ ರೀತಿ ಬದಲಿಸಿದರು.

ನಿರ್ವಾಹಕ:
ಮಂಗಳದ ಬಗ್ಗೆ ಬೇರೆ ಚರ್ಚೆ ಶುರು ಮಾಡಿ ದಯವಿಟ್ಟು. ಇಲ್ಲಿ ಮೂಲ ಪ್ರಶ್ನೆಗೆ ಬನ್ನಿ.

ಸುಮ್ನೆ_ಓದುಗ:
ಒಂದೇ ಒಂದು ಪ್ರಶ್ನೆ ನಿರ್ವಾಹಕರೇ. ಗಣಿಗಳಲ್ಲಿ ಚಾಲಕನಿಲ್ಲದ ದೈತ್ಯ ಟ್ರಕ್‌ಗಳು ಓಡುತ್ತವಲ್ಲ, ಹಾಗಿದ್ದರೆ ಆಫ್-ರೋಡ್ ಸಮಸ್ಯೆ ಬಗೆಹರಿದ ಹಾಗೆ ತಾನೇ?

ಲೈಡಾರ್_ಲಕ್ಷ್ಮಿ:
ಇಲ್ಲ. ಕೊಮಾಟ್ಸು 2008ರಲ್ಲೇ ಚಿಲಿಯ ಗೇಬ್ರಿಯೇಲಾ ಮಿಸ್ಟ್ರಾಲ್ ಗಣಿಯಲ್ಲಿ ಅವನ್ನು ಓಡಿಸೋಕೆ ಶುರು ಮಾಡಿತು. ಆದರೆ ಅಲ್ಲಿ ದಾರಿಯನ್ನು ಗ್ರೇಡರ್ ಹಾಕಿ ಸಮ ಮಾಡುತ್ತಾರೆ, ನಕ್ಷೆ ಇದೆ, ಯಾವ ಗಾಡಿ ಎಲ್ಲಿದೆ ಅಂತ ಗೊತ್ತು, ಹೊರಗಿನವರಿಗೆ ಪ್ರವೇಶ ಇಲ್ಲ. ಡಾಂಬರ್ ಇಲ್ಲದ ರಸ್ತೆ ಅದು. ಹುಲ್ಲು ಬೆಳೆದ ಬಯಲಿಗೆ ಅದನ್ನು ಬಿಡಿ, ಎದೆ ಎತ್ತರದ ಹುಲ್ಲು ಲೈಡಾರ್‌ಗೆ ಗೋಡೆಯಂತೆ ಕಂಡು ಅಲ್ಲೇ ನಿಂತುಬಿಡುತ್ತದೆ.

ಹೊಸಗಾಲಿ:
ಹುಲ್ಲಿನ ಸಮಸ್ಯೆ ನನಗೂ ಇದೆ! ಪೊದೆ ಕಂಡರೆ ನಿಲ್ಲುತ್ತದೆ. ಹುಲ್ಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಅಂತ ಹೇಳಿದರೆ ಹುಲ್ಲಿನ ಹಿಂದಿನ ಬಂಡೆಗೆ ಗುದ್ದುತ್ತದೆ.

ಲೈಡಾರ್_ಲಕ್ಷ್ಮಿ:
ಹುಲ್ಲಿನಲ್ಲಿ ಕೆಲವು ಕಿರಣ ಒಳಗೆ ನುಗ್ಗಿ ಹಿಂದಿನಿಂದ ಮರಳುತ್ತವೆ, ಬಂಡೆಯಲ್ಲಿ ಎಲ್ಲವೂ ಮೇಲ್ಮೈಯಿಂದಲೇ. ಒಂದು ಜಾಗದಲ್ಲಿ ಎಷ್ಟು ಕಿರಣ ಪಾರಾದವು, ಎಷ್ಟು ತಡೆದವು ಅಂತ ಎಣಿಸಿ. ಸಾಧ್ಯವಾದರೆ ನಿಯರ್ ಇನ್‌ಫ್ರಾರೆಡ್ ಕ್ಯಾಮೆರಾ ಸೇರಿಸಿ. ಹಸಿರೆಲೆ ಕೆಂಪು ಬೆಳಕನ್ನು ನುಂಗಿ ಇನ್‌ಫ್ರಾರೆಡ್ ಅನ್ನು ಜೋರಾಗಿ ಹಿಂದಕ್ಕೆ ಕಳಿಸುತ್ತದೆ, ಕಲ್ಲು ಹಾಗೆ ಮಾಡುವುದಿಲ್ಲ. ಒಣಹುಲ್ಲಿಗೆ ಈ ಉಪಾಯ ನಡೆಯುವುದಿಲ್ಲ ಅನ್ನೋದು ನೆನಪಿರಲಿ.

ಆದರೆ ನಿಮ್ಮ ಥೀಸಿಸ್‌ಗೆ ಇದನ್ನೆಲ್ಲ ತುರುಕಬೇಡಿ. ಮುಗಿಯುವುದಿಲ್ಲ.

ಇಳಿಜಾರು:
ಈ ಒಂದು ವಿಷಯದಲ್ಲಿ ನಾನೂ ಲಕ್ಷ್ಮಿಯವರೂ ಒಂದೇ ಪಕ್ಷ. ಒಂದು ಪ್ರಶ್ನೆ ಹಿಡಿಯಿರಿ. ಬರೀ ಐಎಂಯುನಿಂದ ಸುಳ್ಳು ಅಲಾರಾಂ ಕಡಿಮೆ ಮಾಡುವುದು, ಅಡ್ಡ ಜಾರುವಿಕೆಯನ್ನೂ ಸೇರಿಸಿಕೊಂಡು. ಮೂರು ಅಳತೆಗಳನ್ನು ಒಂದೇ ದಾರಿಯಲ್ಲಿ ಓಡಿಸಿ ಹೋಲಿಸಿ: ನಿಮ್ಮ ಹಳೇ ಎಲ್‌ಟಿಆರ್, ಫೋರ್ಸ್-ಆಂಗಲ್, ಮತ್ತೆ ಶಕ್ತಿಯ ಲೆಕ್ಕ. ಉರುಳುವ ತನಕ ಓಡಿಸಿ, ಪೂರ್ತಿ ಮಗುಚದಂತೆ ಗಾಡಿಯ ಪಕ್ಕಕ್ಕೆ ಉದ್ದ ತೋಳು ಕಟ್ಟಿಕೊಂಡು. ಉರುಳದ ಗಾಡಿಯಿಂದ ಬಂದ ಗ್ರಾಫ್ ನೋಡಿ ಯಾರೂ ನಂಬುವುದಿಲ್ಲ.

ಹೊಸಗಾಲಿ:
ತೋಳು ಕಟ್ಟಿದರೆ ಅಗಲವೂ ಭಾರವೂ ಬದಲಾಗಲ್ವಾ ಸರ್?

ಸ್ಪ್ಯಾನರ್_ಸೀನ:
ತೋಳಿನ ತುದಿ ನೆಲದಿಂದ ಮೇಲಿರಲಿ. ಗಾಡಿ ಮಿತಿ ದಾಟಿ ವಾಲಿದ ಮೇಲೆ ತಾಗುವಷ್ಟು. ತೆಳು ಅಲ್ಯೂಮಿನಿಯಂ ಪೈಪ್ ಸಾಕು, ತುದಿಗೆ ಚಿಕ್ಕ ಚಕ್ರ ಹಾಕು. ಇಲ್ಲದಿದ್ದರೆ ಪೈಪ್ ಮಣ್ಣಿಗೆ ಚುಚ್ಚಿಕೊಂಡು ಅದರಿಂದಲೇ ಮಗುಚುತ್ತದೆ. ಎರಡೂ ಕಡೆ ಹಾಕು, ತೂಕ ಸಮ ಇರಲಿ. ಆಮೇಲೆ ಗುರುತ್ವ ಕೇಂದ್ರವನ್ನು ತೋಳು ಸೇರಿಸಿಯೇ ಮತ್ತೆ ಅಳೆ.

ಹೊಸಗಾಲಿ:
ಸರಿ ಅಣ್ಣ. ಇನ್ನೊಂದು ಪ್ರಶ್ನೆ. ಐಎಂಯು ಈಗ ಮೇಲಿನ ಕಂಬದ ಮೇಲೆ, ಲೈಡಾರ್ ಪಕ್ಕ ಇದೆ. ಅಲ್ಲೇ ಇರಲಿ ಅಲ್ವಾ?

ಇಳಿಜಾರು:
ಬೇಡವೇ ಬೇಡ. ಗಾಡಿ ರೋಲ್ ಆಗುವಾಗ ಕಂಬದ ತುದಿ ಬೇರೆಯೇ ಅಡ್ಡ ವೇಗೋತ್ಕರ್ಷ ಕಾಣುತ್ತದೆ, ಜೊತೆಗೆ ಕಂಬ ನಡುಗುತ್ತದೆ. ನಿಮ್ಮ ಅರ್ಧ ಸುಳ್ಳು ಅಲಾರಾಂ ಅಲ್ಲಿಂದಲೇ ಬರುತ್ತಿದ್ದರೂ ಆಶ್ಚರ್ಯ ಇಲ್ಲ. ಗುರುತ್ವ ಕೇಂದ್ರದ ಹತ್ತಿರ, ಚಾಸಿಗೆ ಗಟ್ಟಿಯಾಗಿ ಬೋಲ್ಟ್ ಮಾಡಿ.

ಸ್ಪ್ಯಾನರ್_ಸೀನ:
ಬ್ಯಾಟರಿ ಕೆಳಗೆ ಇಳಿಸಿದರೆ ಅಲ್ಲಿ ಜಾಗ ಖಾಲಿ ಇರುತ್ತದೆ.

ಲೈಡಾರ್_ಲಕ್ಷ್ಮಿ:
ಐಎಂಯು ಸರಿಸಿದ ಮೇಲೆ ಲೈಡಾರ್ ಜೊತೆಗಿನ ಹೊಂದಾಣಿಕೆಯನ್ನು ಹೊಸದಾಗಿ ಮಾಡಿ. ಅದನ್ನು ಬಿಟ್ಟು ನಕ್ಷೆ ವಾಲಿದೆ ಅಂತ ಇನ್ನೊಂದು ಚರ್ಚೆ ತೆಗೆಯಬೇಡಿ.